ಹೆದೆಯ ಒಡಕು ಸದ್ದು

ಐದನೇ ಬಾಣವೂ ಗುರಿಯ ಚೀಲ ಬಿಟ್ಟು ಮೆಕ್ಕೆಜೋಳದ ಬಣವೆಗೆ ನೆಟ್ಟಿತು. ಹರಪನಹಳ್ಳಿಯ ನಮ್ಮ ಹಿತ್ತಲಲ್ಲಿ ತಿಂಗಳಿಂದ ಇದೇ ಗೋಳು. ಬಿದಿರಿನ ಬಿಲ್ಲನ್ನು ಅಟ್ಟಕ್ಕೆ ಎಸೆಯಲು ಹೊರಟೆ.

ಪಕ್ಕದಲ್ಲೇ ನಮ್ಮ ಹಳೇ ಗಾದಿಯ ಹತ್ತಿ ಹಿಂಜುತ್ತಿದ್ದ ಹುಸೇನಸಾಬರು ತಲೆ ಎತ್ತದೆಯೇ ಹೇಳಿದರು: “ಬಿಡೋ ಹೊತ್ನ್ಯಾಗ ಹೆದಿ ಕೀಳಬ್ಯಾಡ್ರಿ ಅಕ್ಕಾ, ಬೆರಳು ಸಡ್ಲ ಮಾಡ್ರಿ ಸಾಕು.”

“ನೋಡದೇ ಹೆಂಗ ಗೊತ್ತಾತು?” ಎಂದು ಸಿಡುಕಿದೆ.

“ಸದ್ದು ಒಡಕು ಬರತೈತ್ರಿ,” ಎನ್ನುತ್ತ ಅವರು ಹತ್ತಿ ಹಿಂಜುವ ತಮ್ಮ ಬಿಲ್ಲಿನ ತಂತಿಗೆ ಒಂದೇಟು ಹಾಕಿದರು. ನಾದ ಎಲ್ಲೂ ಮುರಿಯದೆ ಹರಿಯಿತು.

ಬೆರಳು ಸಡಿಲಿಸಿ ಬಿಟ್ಟ ಮುಂದಿನ ಮೂರು ಬಾಣಗಳು ನಡುವಿಗೆ ಬೀಳಲಿಲ್ಲ. ಆದರೆ ಮೂರೂ ಚೀಲದ ಮೂಲೆಯಲ್ಲಿ ಒಂದೇ ಗೇಣಿನೊಳಗೆ ನಿಂತವು.

ಬಿಲ್ಲು ಅಟ್ಟ ಏರಲಿಲ್ಲ. ಒಡಕು ಇನ್ನೂ ಇದೆ, ಆದರೆ ಈಗ ಅದು ನನಗೇ ಕೇಳಿಸುತ್ತದೆ.