ಮಿಷನ್ನುಗಳ ಬೆನ್ನಿಗೆ ಹೊರಟವಳು

ನಲ್ಲಿ ನಿಲ್ಲುವ ಮೊದಲು ನೀರು ಹಿಡಿಯಬೇಕು. ನಿನ್ನೆಯ ಪಾತ್ರೆ ತಿಕ್ಕಬೇಕು. ಅತ್ತೆಯ ಮಂಡಿಗೆ ಎಣ್ಣೆ ತೀಡಿ, ಗಂಡನಿಗೂ ಮಗಳಿಗೂ ಡಬ್ಬಿ ಕಟ್ಟಿ, ಬಟ್ಟೆ ಒಗೆದು ಹರವಬೇಕು. ಇಷ್ಟಾದ ಮೇಲೆ ಬೆಳಕು ಹರಿಯುತ್ತದೆ. ಕಾಲರಕ್ಕ 'ಕೆಲಸಕ್ಕೆ' ಹೊರಡುತ್ತಾಳೆ. ಅಲ್ಲಿಯವರೆಗೆ ಮಾಡಿದ್ದಕ್ಕೆ ಆ ಹೆಸರಿಲ್ಲ.

ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಕೂರಿಸುವುದರಿಂದ ಅವಳು ಕಾಲರಕ್ಕ. ಅಜ್ಜಿ ಮನೆಯಲ್ಲೇ ನೇಯುತ್ತಿದ್ದಳು. ಕಡಲಾಚೆಯ ಗಿರಣಿ ಬಟ್ಟೆ ಅಗ್ಗಕ್ಕೆ ಬಂದು ಮಗ್ಗ ಸೌದೆಯಾಯಿತು. ಆಮೇಲೆ ಊರಿಗೇ ಗಿರಣಿ ಬಂತು. ಅಮ್ಮ ಅದರಲ್ಲಿ ದುಡಿದು ಕೆಮ್ಮು ಹತ್ತಿಸಿಕೊಂಡಳು. ಕೆಮ್ಮು ಉಳಿಯಿತು, ಗಿರಣಿ ಮುಚ್ಚಿತು. ಕೊನೆಗೆ ಕೂಲಿ ಏರಿದ ಯಾವುದೋ ದೇಶದಿಂದ ಈ ಹೊಲಿಗೆ ಮಿಷನ್ನುಗಳು ಹಡಗೇರಿ ಬಂದವು. ಜೊತೆಗೆ, ಕಲಿಸಲೆಂದು ಆ ದೇಶದ ಒಬ್ಬ ಹೆಂಗಸು. ಒಮ್ಮೆಯೂ ನಗದ ಅವಳಿಗೆ ಹುಡುಗಿಯರು 'ಗಂಟುಮೋರೆ' ಎಂದು ಹೆಸರಿಟ್ಟಿದ್ದರು. ಊರಿಗೆ ಮರಳಿದರೆ ಅವಳಿಗೆ ಕೂರಲು ಮಿಷನ್ನೇ ಇಲ್ಲ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಈಗ ಇಲ್ಲೂ ಕೂಲಿ ಒಂದಿಷ್ಟು ಏರಿದೆ. ಮಿಷನ್ನುಗಳು ಇನ್ನೊಂದು ದೇಶಕ್ಕೆ ಹೊರಟಿವೆ. ಆರು ತಿಂಗಳು ಹೋಗಿ ಕಲಿಸಿ ಬರಲು ಸೂಪರ್‌ವೈಸರ್ ಕಾಲರಕ್ಕನನ್ನೇ ಕೇಳಿದ್ದಾನೆ. ಇವತ್ತು ಉತ್ತರ ಹೇಳಬೇಕು.

"ಹೋಗು, ಸೋರೋ ಮನೆಗೆ ಸೂರಾದ್ರೂ ಆಗುತ್ತೆ," ಎಂದಿದ್ದ ಗಂಡ.

"ಅಲ್ಲಿವರೆಗೂ ಅಡುಗೆ ನಿನ್ನ ಮೀಸೆ ಮಾಡುತ್ತಾ?" ಎಂದಿದ್ದರು ಅತ್ತೆ.

ಪಕ್ಕದ ಮಿಷನ್ನಿನವಳು ಬೆಳಗಿನಿಂದ ಮುಖ ಊದಿಸಿಕೊಂಡಿದ್ದಳು. "ನಮ್ಮ ಕುತ್ತಿಗೆಗೆ ನೀನೇ ಕತ್ತಿ ಮಸೆದು ಕೊಡ್ತೀಯಾ ಅಕ್ಕ?"

"ನಾನು ಹೋಗದಿದ್ರೆ ಮಿಷನ್ ಇಲ್ಲೇ ಉಳಿಯುತ್ತಾ?"

"ಉಳಿಯಲ್ಲ."

"ಮತ್ತೆ?"

"ಹೊಟ್ಟೆ ಉರಿ. ಮಾಲೀಕರನ್ನ ಬೈಯೋಕಾಗಲ್ಲ, ನೀನು ಬೈಸ್ಕೋ."

ಊಟದ ಬಿಡುವಿನಲ್ಲಿ ಕಾಲರಕ್ಕ ಮೆಟ್ಟಿಲ ಮೇಲೆ ಒಬ್ಬಳೇ ಕೂತಳು. ಸೊಂಟ ಬಿದ್ದುಹೋಗುತ್ತಿತ್ತು. ಹುಟ್ಟಿದಾಗಿನಿಂದ ಒಂದು ಕೋಣೆಯಲ್ಲಿ ತಾನೊಬ್ಬಳೇ ಮಲಗಿದ್ದುಂಟೇ ಎಂದು ನೆನೆದು ನೋಡಿದಳು. ಒಮ್ಮೆಯೂ ಇಲ್ಲ. ಎದ್ದು ಸೂಪರ್‌ವೈಸರ್ ಹತ್ತಿರ ಹೋದಳು.

"ಅಲ್ಲಿ ಇರೋದೆಲ್ಲಿ?"

"ಮೆಕ್ಯಾನಿಕ್‌ಗಳೂ ಬರ್ತಾರಲ್ಲ, ಎಲ್ಲರಿಗೂ ಸೇರಿ ಒಂದು ಮನೆ. ನೀವಿದ್ರೆ ಅವರ ಊಟಕ್ಕೂ ಅನುಕೂಲ."

ಅವಳಿಗೆ ಸಿಟ್ಟು ಬರುವಷ್ಟು ತ್ರಾಣವೂ ಉಳಿದಿರಲಿಲ್ಲ.

"ನನಗೆ ಬೇರೆ ಕೋಣೆ ಬೇಕು, ಒಳಗಿಂದ ಚಿಲಕ ಇರಬೇಕು. ಅಡುಗೆ ನಾನು ಯಾರಿಗೂ ಮಾಡಲ್ಲ. ಇದಕ್ಕೆ ಒಪ್ಪಿದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ."

ಅವನು ಗಲ್ಲ ಕೆರೆದುಕೊಂಡ. "ಮನೇಲಿ ಒಂದ್ಮಾತು ಕೇಳಿ ಹೇಳಿ."

"ಅವರೆಲ್ಲ ಹೇಳಿ ಆಯ್ತು," ಎಂದಳು ಕಾಲರಕ್ಕ. "ಇದು ನಾನು ಹೇಳ್ತಿರೋದು."