ಗಿರಣಿಯಾಕೆ ಇಲ್ಲವೆಂದರು

ಕಳೆದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ನಾನು ಹಿಟ್ಟಿನ ಗಿರಣಿಯೊಂದರ ಬಾಗಿಲಲ್ಲಿ, ಹೊಸ್ತಿಲಿನ ಹೊರಗೆ ನಿಂತಿದ್ದೆ. ಪಕ್ಕದಲ್ಲಿ ಸಾವಿತ್ರಿಬಾಯಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಆರೋಗ್ಯ ಸಮೀಕ್ಷೆಗೆ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುತ್ತಿದ್ದವರು ಅವರು, ನಾನು ಮೇಲ್ವಿಚಾರಕ. ಊರು ಯಾವುದೆಂದು ಹೇಳುವುದಿಲ್ಲ. ಅಲ್ಲಿನ ಒಡತಿಯ ಕಸುಬನ್ನೂ ಬೇಕೆಂದೇ ಬದಲಿಸಿದ್ದೇನೆ. ಉಳಿದದ್ದು ಕಂಡಂತೆ.

ಜೋಳದ ಚೀಲಗಳು ಸಾಲುಗಟ್ಟಬೇಕಾದ ಹೊತ್ತಿನಲ್ಲಿ ಗಿರಣಿ ಸುಮ್ಮನಿತ್ತು. ಗಂಡ ತೀರಿದ ಮೇಲೆ ಅದನ್ನು ಒಬ್ಬರೇ ನಡೆಸುತ್ತಿದ್ದ ಒಡತಿ ನಮ್ಮನ್ನು ನೋಡಿ ಎದ್ದರು.

“ಬಾಗಲದಾಗ ಯಾಕ ನಿಂತ್ರಿ? ಒಳಗ ಬರ್ರಿ. ನನ್ನ ಕೆಮ್ಮು ಹೋಗಿ ವರ್ಷಾತು, ಮಂದಿ ಬಾಯಿ ಅಷ್ಟ ಹೋಗಿಲ್ಲ.”

ಅವರಿಗೆ ಕ್ಷಯವಿತ್ತು. ಚಿಕಿತ್ಸೆ ಮುಗಿಸಿ ಗುಣವಾಗಿದ್ದರು. ಊರಲ್ಲಿ ಯಾರಿಗೂ ಹೇಳದ್ದನ್ನು ಸಾವಿತ್ರಿಬಾಯಿಗೆ ಹೇಳಿದ್ದರು. ಆ ವಿಷಯ ಹೊರಗೆ ಹೋಗುವುದಿಲ್ಲವೆಂದು ನಾವು ಮಾತು ಕೊಟ್ಟಿದ್ದೆವು.

ಆ ಮಾತು ಉಳಿಸಲೆಂದೇ ಪ್ರಧಾನ ಕಚೇರಿ ‘ಸಿಂಥೆಟಿಕ್ ಡೇಟಾ’ ಪ್ರಕಟಿಸಿತ್ತು. ನಿಜವಾದ ಉತ್ತರಗಳ ಧಾಟಿಯನ್ನು ಕಂಪ್ಯೂಟರ್ ಕಲಿತು, ಅದೇ ಧಾಟಿಯ ಕಾಲ್ಪನಿಕ ಮನೆಗಳನ್ನು ಹುಟ್ಟಿಸುತ್ತದೆ. ಒಟ್ಟು ಲೆಕ್ಕ ಹೊಂದುತ್ತದೆ, ಯಾವ ಮನೆಯೂ ನಿಜವಲ್ಲ. ಒಳ್ಳೆಯ ವಿಧಾನವೇ. ಆದರೆ ಒಂಟಿಯಾಗಿ ಗಿರಣಿ ನಡೆಸುವ ಹೆಂಗಸು ಆ ತಾಲ್ಲೂಕಿನಲ್ಲಿ ನಮಗೆ ಸಿಕ್ಕಿದ್ದು ಒಬ್ಬರೇ. ಬೆರೆಸಲು ಇನ್ನೊಬ್ಬರಿಲ್ಲದೆ ಕಂಪ್ಯೂಟರ್ ಅವರನ್ನೇ ನಕಲು ಮಾಡಿತ್ತು: ತಾಲ್ಲೂಕು, ವಯಸ್ಸು, ಕಸುಬು, ಕಾಯಿಲೆ, ಎಲ್ಲ ಒಂದೇ ಸಾಲಿನಲ್ಲಿ. ಆ ಸಾಲನ್ನು ಯಾರೋ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು.

“ಅಕ್ಕಾ, ಹೆಸರ ಎಲ್ಲೂ ಬಂದಿಲ್ಲ,” ಎಂದರು ಸಾವಿತ್ರಿಬಾಯಿ, ತಲೆ ಎತ್ತದೆ. “ಅದು ಕಂಪ್ಯೂಟರ್ ಮಾಡಿದ್ದು, ಯಾರೂ ಅಲ್ಲಂತ ಮ್ಯಾಲಿನ ಸಾಹೇಬ್ರು ಅಂತಾರ.”

“ಹೌದೇನ ಬೇ? ಹಂಗಾದ್ರ ಆ ಯಾರೂ ಅಲ್ಲದಾಕಿ ಗಿರಣಿಗಿ ನಾಕ ಮಂದಿ ಕೈಲೆ ಜೋಳ ಕಳಸು.”

ಮರುದಿನ ಪ್ರಧಾನ ಕಚೇರಿಯ ತಜ್ಞರಿಗೆ ಫೋನ್ ಮಾಡಿದೆ. “ಅಂಥ ಹೆಂಗಸೇ ಇಲ್ಲ. ಕಾಕತಾಳೀಯ,” ಎಂದರು.

“ನಿನ್ನೆ ಅವರ ಕೈಯ ಚಹಾ ಕುಡಿದು ಬಂದಿದ್ದೇನೆ.”

ಆ ಕಡೆ ನಗು ಕೇಳಿಸಿತು. ಅದನ್ನು ನಾನಿನ್ನೂ ಕ್ಷಮಿಸಿಲ್ಲ.

ಲಿಖಿತ ದೂರು ಕೊಟ್ಟೆ. ಪ್ರಕಟಿಸಿದ್ದನ್ನು ಹಿಂತೆಗೆದರು. ಹುಟ್ಟಿಸಿದ ಪ್ರತಿ ಸಾಲನ್ನೂ ನಿಜವಾದ ಉತ್ತರಗಳೊಂದಿಗೆ ಹೋಲಿಸಿ, ತೀರಾ ಹೋಲುವವನ್ನು ತೆಗೆದುಹಾಕಿ ಮತ್ತೆ ಪ್ರಕಟಿಸಿದರು. ಮೊದಲೇ ಮಾಡಬೇಕಿದ್ದ ಕೆಲಸ. ಆದರೆ ಊರಿನ ಫೋನುಗಳಿಂದ ಆ ಸಾಲನ್ನು ಹಿಂತೆಗೆಯುವವರು ಯಾರು? ಅರ್ಧ ಗಿರಾಕಿಗಳು ಇನ್ನೂ ಮರಳಿಲ್ಲ.

ಹೆಸರು ಅಳಿಸಿದರೆ ಮನುಷ್ಯ ಮರೆಯಾಗುವುದಿಲ್ಲ. ತಮ್ಮಂಥ ಇನ್ನೊಬ್ಬರಿಲ್ಲದವರನ್ನು ಊರು ಹೆಸರಿಲ್ಲದೆಯೂ ಗುರುತಿಸುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿಕೆಯ ಬೆಲೆ ತೆತ್ತವರು ಮಾತ್ರ ಬೇರೆಯವರು.

ಅಂದು ನಾನು ಕಂಡದ್ದನ್ನು ಕಂಡವರು ಇನ್ನಿಬ್ಬರಿದ್ದಾರೆ. ಸಾವಿತ್ರಿಬಾಯಿ ಜೇವರ್ಗಿಯಲ್ಲಿದ್ದಾರೆ; ಹೆಸರು ಬರೆಯಲು ಒಪ್ಪಿದ್ದಾರೆ. ಇನ್ನೊಬ್ಬರು ಇವತ್ತು ಬೆಳಿಗ್ಗೆಯೂ ಗಿರಣಿಯ ಬಾಗಿಲು ತೆಗೆದಿದ್ದಾರೆ. ಅವರ ಹೆಸರು ಕೇಳಬೇಡಿ.