ಅಪ್ಪನ ಬಾಯಿಗೆ ನಾನು ಕೊಟ್ಟ ಮಾತು

ನಾನು ಕೊಳ್ಳೇಗಾಲದ ಬೋರ್ಡು ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಊರು ಇನ್ನೂ ಮದ್ರಾಸಿಗೆ ಸೇರಿತ್ತು. ನಮ್ಮ ಮೇಲಧಿಕಾರಿಗಳು ಕೊಯಮತ್ತೂರಿನಲ್ಲಿದ್ದರು. ಅವರ ಹುಕುಂಗಳು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬರುತ್ತಿದ್ದವು. ನಾವು ಮಕ್ಕಳಿಗೆ ಪಾಠ ಹೇಳುತ್ತಿದ್ದದ್ದು ಮಾತ್ರ ಕನ್ನಡದಲ್ಲಿ. ನನಗೆ ಮೂರೂ ಭಾಷೆ ಬರುತ್ತಿತ್ತು. ಅದೇನು ನನ್ನ ಬುದ್ಧಿವಂತಿಕೆಯಲ್ಲ. ನಮ್ಮದು ರೇಷ್ಮೆ ನೇಯುವ ಮನೆ. ಒಲೆಯ ಮುಂದೆ ಕನ್ನಡ, ನೂಲು ಜರಿಯ ವ್ಯವಹಾರಕ್ಕೆ ತಮಿಳು. ಇಂಗ್ಲಿಷು ಬಂದದ್ದು ಅಪ್ಪನ ಹಟದಿಂದ. "ಈ ಗುಂಡಿಗೆ ನೀನು ಇಳೀಬ್ಯಾಡ ಕಣ್ಲಾ, ನಾನೊಬ್ಬ ಇಳಿದಿರೋದೇ ಸಾಕು" ಎಂದು ನನ್ನನ್ನು ಮಗ್ಗದ ಹತ್ತಿರಕ್ಕೂ ಸೇರಿಸದೆ ಓದಿಗೆ ಹಾಕಿದ್ದ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು.

ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ವಿದ್ಯಾ ಇಲಾಖೆಯ ಸಿನಿಮಾ ವ್ಯಾನು ನಮ್ಮ ಕಡೆ ಬರತೊಡಗಿತು. ಅದರಲ್ಲಿ ಬರುತ್ತಿದ್ದದ್ದು ಪುರಾಣದ ಕತೆಯಲ್ಲ, ಹಾಡು ಕುಣಿತವೂ ಅಲ್ಲ, ಪಾಠ. ಒಳ್ಳೆಯ ಅಂಗಡಿಯವನು ಗಿರಾಕಿಯನ್ನು ಹೇಗೆ ಮಾತಾಡಿಸುತ್ತಾನೆ, ಹೈಸ್ಕೂಲು ಮುಗಿಸಿದವನು ಯಾವ ಯಾವ ಕೆಲಸಕ್ಕೆ ಹೋಗಬಹುದು, ಎತ್ತಿನ ಗಾಡಿಯ ಕಾಲದಿಂದ ಹಡಗಿನ ಕಾಲದವರೆಗೆ ವ್ಯಾಪಾರ ಹೇಗೆ ಬೆಳೆದು ಬಂತು, ಇಂಥವು. ಒಳಗಿನ ದನಿ ಇಂಗ್ಲಿಷು ಇಲ್ಲವೇ ತಮಿಳು. ಹಳ್ಳಿಯವರಿಗೆ, ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವವನೊಬ್ಬ ಬೇಕಾಯಿತು. ನನ್ನನ್ನು ಹಿಡಿದರು.

ಕೆಲಸ ನನಗೆ ಒಗ್ಗಿತು. ಒಗ್ಗಿತೇನು, ತಲೆಗೇರಿತು. ಟೈಪು ಮಾಡಿದ ಇಂಗ್ಲಿಷ್ ಹಾಳೆ ಮೊದಲೇ ಕೈಗೆ ಬರುತ್ತಿತ್ತು. ಯಂತ್ರ ನಡೆಸುವ ಆಪರೇಟರು, ಸತ್ಯಮಂಗಲದ ಕಡೆಯವನು, ದನಿಯನ್ನು ಇಳಿಸುತ್ತಿದ್ದ. ನಾನು ಗಂಟಲು ಏರಿಸುತ್ತಿದ್ದೆ. ಪರದೆಯ ಮೇಲೆ ದೊರೆಯಂಥ ಮನುಷ್ಯ ಬಾಯಿ ಆಡಿಸಿದರೆ ನನ್ನ ಮಾತು ಹೊರಡುತ್ತಿತ್ತು. ಹನೂರಿನ ಸಂತೆಮಾಳದಲ್ಲಿ, ಕೌದಳ್ಳಿಯ ಶಾಲೆಯಲ್ಲಿ ಜನ ನನ್ನನ್ನು ಸಿನಿಮಾ ಮೇಷ್ಟ್ರು ಎಂದು ಕರೆಯುತ್ತಿದ್ದರು. ಒಮ್ಮೆ ಹನೂರಿನಲ್ಲಿ ರೈಲಿನಿಂದ ವ್ಯಾಪಾರ ಬೆಳೆದ ಚಿತ್ರ ಮುಗಿದ ಮೇಲೆ ಗೌಡರೊಬ್ಬರು ಎದ್ದು ನಿಂತು, "ಸಾ, ಎಲ್ಲಾ ಚೆಂದಾಗದೆ. ಆ ರೈಲು ನಮ್ಮ ಅನೂರಿಗೆ ಯಾವಾಗ ಬತ್ತದೆ ಅಂತ ಅದ್ರಲ್ಲಿ ಏಳ್ನಿಲ್ವಲ್ಲ?" ಎಂದರು. ಜನ ನಕ್ಕರು, ನಾನೂ ನಕ್ಕೆ. ಉತ್ತರ ಹೇಳಬೇಕಾದವನು ನಾನಲ್ಲ ಎಂಬುದು ಆಗ ನನಗೆ ಬಹಳ ಅನುಕೂಲವಾಗಿ ಕಂಡಿತ್ತು.

ಹೀಗಿರುವಾಗ ಮದ್ರಾಸಿನಿಂದ ಮೂರು ಜನ ಕ್ಯಾಮೆರಾ ಹೊತ್ತುಕೊಂಡು ಬಂದರು. ಹೈಸ್ಕೂಲು ಮಕ್ಕಳಿಗೆ ಕೈಗಾರಿಕೆಯ ಚರಿತ್ರೆ ಕಲಿಸುವುದಕ್ಕೆ ರೇಷ್ಮೆಯ ಮೇಲೊಂದು ಚಿತ್ರ ಮಾಡುತ್ತಾರಂತೆ. ಜೊತೆಗೆ ಬಂದಿದ್ದ ಕೊಯಮತ್ತೂರಿನ ನಮ್ಮ ಆಫೀಸರು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ಒಳ್ಳೆಯ ನೇಕಾರ ಯಾರಿದ್ದಾರೆ ಎಂದು. ನಾನು ಒಂದು ಗಳಿಗೆಯೂ ಯೋಚಿಸದೆ ಅಪ್ಪನ ಹೆಸರು ಹೇಳಿದೆ. ಅವನಿಗಿಂತ ಒಳ್ಳೆಯ ನೇಕಾರ ನಮ್ಮ ಬೀದಿಯಲ್ಲಿ ಇರಲಿಲ್ಲ, ಅದು ನಿಜ. ಆದರೆ ಹೇಳಿದ್ದು ಅದಕ್ಕಲ್ಲ. ನನ್ನ ಮನೆ ಚಿತ್ರದಲ್ಲಿ ಬರಲಿ ಎಂಬ ಆಸೆ.

ಅಪ್ಪ ಹೆಗಲ ಮೇಲಿನ ಟವಲನ್ನು ಬದಲಿಸಿಕೊಂಡು, ಹೊಸದಾಗಿ ಕ್ಷೌರ ಮಾಡಿಸಿಕೊಂಡು ಕಾದ. ಬಾಣಂತನಕ್ಕೆಂದು ಮಾಂಬಳ್ಳಿಯಿಂದ ಬಂದಿದ್ದ ನನ್ನ ಅಕ್ಕ ಕೂಸನ್ನು ಎತ್ತಿಕೊಂಡು ನಡುಮನೆಯ ಬಾಗಿಲ ಹಿಂದೆ ನಿಂತಿದ್ದಳು. ಕ್ಯಾಮೆರಾದವನು ಮಗ್ಗದ ಕೋಣೆಗೆ ಇಣುಕಿ ಆಗದೆಂದು ತಲೆಯಾಡಿಸಿದ. ಕತ್ತಲೆ. ಅವನ ದೀಪಗಳಿಗೆ ಕರೆಂಟು ಸಾಲದು. ಚಾವಣಿಯ ಹೆಂಚು ತೆಗೆಸಿ ಎಂದ.

ಅಪ್ಪ ನನ್ನ ಕಡೆ ತಿರುಗಿದ. "ಪಟ್ಟೆ ನೂಲು ಬಿಸಿಲಿಗೆ ಬಿದ್ರೆ ಒಣಗಿ ಕಿತ್ಕಂಡು ಓಯ್ತದೆ ಅಂತ ಏಳಪ್ಪ ಅವರ್ಗೆ. ತಂಪಿರ್ಲಿ ಅಂತ್ಲೇ ಕತ್ಲೆ ಮಡಗಿರಾದು."

ನಾನು ಹೇಳಿದೆ. ಒಂದೇ ದಿನದ ಕೆಲಸ ಎಂದರು. ಹೆಂಚು ಇಳಿಸಿದರು. ಅದು ಮೂರು ದಿನವಾಯಿತು. ಮಗ್ಗದ ಮೇಲಿದ್ದದ್ದು ಮದುವೆಯ ಸೀರೆಯ ಹಾಸು, ಉದ್ದಕ್ಕೆ ಬಿಗಿದ ಎಳೆಗಳು, ಅರಗಿನ ಕೆಂಪು ಬಣ್ಣದವು. ಮೊದಲನೆಯ ದಿನ ಮಧ್ಯಾಹ್ನಕ್ಕೇ ಎಳೆಗಳು ಪಟಪಟನೆ ಕಡಿಯತೊಡಗಿದವು. ಅಪ್ಪ ಬಗ್ಗಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದೇ ಎಳೆಯನ್ನು ಹೊಸೆದು ಸೇರಿಸುತ್ತಿದ್ದ. ಕ್ಯಾಮೆರಾದವನಿಗೆ ಅದು ಬಹಳ ಹಿಡಿಸಿತು. ಮುಂದೆ ಬಂದು, ಬದಿಗೆ ಬಂದು, ಮೇಲಿಂದ ಬಗ್ಗಿ ತೆಗೆದ. ಸಾಲದೆ ಬಂದಾಗ ಇನ್ನೊಂದೆರಡು ಎಳೆ ಕಿತ್ತು ಮತ್ತೆ ಸೇರಿಸಲು ಹೇಳಿ ಎಂದ. ಅಪ್ಪ ನನ್ನ ಮುಖ ನೋಡಿದ. "ಕೀಳಪ್ಪ, ಅವರು ದೂರದಿಂದ ಬಂದಿದ್ದಾರೆ" ಎಂದೆ. ಹುಟ್ಟಿದ ಮೇಲೆ ಮೊದಲ ಸಲ ಅಪ್ಪ ತಾನು ಹಾಕಿದ ಹಾಸಿನ ಎಳೆಯನ್ನು ತಾನೇ ಕಿತ್ತ.

ಕೊನೆಯ ದಿನ ಅವನನ್ನು ಮಾತಾಡಲು ಹೇಳಿದರು. ಏನಾದರೂ ಹೇಳಲಿ, ಬಾಯಿ ಆಡಿದರೆ ಸಾಕು, ದನಿ ಆಮೇಲೆ ಹಾಕುತ್ತೇವೆ ಎಂದರು. ಅಪ್ಪನಿಗೆ ನಾನು ಅಷ್ಟನ್ನು ಬಿಡಿಸಿ ಹೇಳಲಿಲ್ಲ. "ನಿನ್ನ ಕಸುಬಿನ ವಿಷಯ ಹೇಳಬೇಕಂತೆ" ಎಂದೆ. ಅಪ್ಪ ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ಮಾತಾಡಿದ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದವನು ಕೈ ಆಡಿಸಿ, ಮಗ್ಗದ ಹಣಿಗೆಯನ್ನು ಮುಟ್ಟಿ ತೋರಿಸಿ, ನಡುನಡುವೆ ನಕ್ಕು ಮಾತಾಡಿದ. ನಾನು ಆ ಹೊತ್ತಿನಲ್ಲಿ ಹಿತ್ತಲಲ್ಲಿ ಆಫೀಸರ ಜೊತೆ ಕಾಫಿ ಕುಡಿಯುತ್ತ, ಹೆಡ್‌ಮಾಸ್ಟರ್ ಹುದ್ದೆಗೆ ನನ್ನ ಹೆಸರು ಹೋಗಿದೆಯೇ ಎಂದು ವಿಚಾರಿಸುತ್ತಿದ್ದೆ.

ಆ ಸೀರೆಯನ್ನು, ಅಪ್ಪನಿಗೆ ನೂಲು ಕೊಟ್ಟು ನೇಯಿಸುತ್ತಿದ್ದ ಸಾಹುಕಾರರು ತೆಗೆದುಕೊಳ್ಳಲಿಲ್ಲ. ಬಿಸಿಲು ಬಿದ್ದ ಕಡೆ ಬಣ್ಣ ತೆಳುವಾಗಿತ್ತು. ಅಪ್ಪ ಅದನ್ನು ಯಾರಿಗೂ ತೋರಿಸದೆ ಪೆಟ್ಟಿಗೆಗೆ ಹಾಕಿದ. ಆದರೂ ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ನಮ್ಮ ಮಗ್ಗ ಸಿನಿಮಾದಲ್ಲಿ ಬತ್ತದೆ ಕಣ್ರಿ" ಎನ್ನುತ್ತಿದ್ದ.

ಚಿತ್ರ ಬರಲು ಒಂದು ವರ್ಷದ ಮೇಲಾಯಿತು. ಪ್ರದರ್ಶನ ಹೈಸ್ಕೂಲಿನ ದೊಡ್ಡ ಕೋಣೆಯಲ್ಲಿ, ಹಾಡುಹಗಲಲ್ಲಿ, ಕಿಟಕಿಗಳಿಗೆ ಜಮಖಾನ ಕಟ್ಟಿ. ಹಿಂದಿನ ದಿನ ಸಂಜೆ ಹಾಳೆಗಳು ನನ್ನ ಕೈಗೆ ಬಂದವು. ಓದಿದೆ. ಹುಳು, ಗೂಡು, ನೂಲು ತೆಗೆಯುವುದು, ಬಣ್ಣ ಹಾಕುವುದು ಎಲ್ಲ ಸರಿಯಾಗಿತ್ತು. ಮಗ್ಗದ ಭಾಗಕ್ಕೆ ಬಂದಾಗ ಹೀಗಿತ್ತು: ಈ ನೇಕಾರನಿಗೆ ಓದು ಬರಹ ಇಲ್ಲ. ತಂದೆ ನೇಯ್ದಂತೆಯೇ ಇವನೂ ನೇಯುತ್ತಾನೆ. ಇವನ ನೂಲು ಮತ್ತೆ ಮತ್ತೆ ಕಡಿಯುತ್ತದೆ, ದಿನದ ಅರ್ಧ ಹೊತ್ತು ಕಡಿದದ್ದನ್ನು ಸೇರಿಸುವುದರಲ್ಲೇ ಕಳೆಯುತ್ತದೆ. ಹೊತ್ತಿನ ಬೆಲೆ ಇವನಿಗೆ ಗೊತ್ತಿಲ್ಲ. ಆಮೇಲೆ ಅಪ್ಪ ಬಾಯಿ ಆಡಿಸುವ ಕಡೆಗೆ ಅವನದೇ ಮಾತೆಂಬಂತೆ ಬರೆದಿದ್ದರು: ನನಗೆ ಬೇರೆ ಏನೂ ತಿಳಿಯದು. ನನ್ನ ಮಗ ಹೀಗಾಗದಿರಲಿ.

ಆಫೀಸರನ್ನು ಪ್ರವಾಸಿ ಬಂಗಲೆಯಲ್ಲಿ ಕಂಡೆ. ನೂಲು ಕಡಿದದ್ದು ಹೆಂಚು ತೆಗೆದದ್ದರಿಂದ ಸಾರ್ ಎಂದೆ. ಅವರು ಸಿಟ್ಟಾಗಲಿಲ್ಲ. ಚಿತ್ರ ಒಬ್ಬ ಮನುಷ್ಯನ ಬಗ್ಗೆ ಅಲ್ಲ, ಹಳೆಯ ಪದ್ಧತಿಯ ಬಗ್ಗೆ ಎಂದು ನಿಧಾನವಾಗಿ ವಿವರಿಸಿದರು. ಮುಂದಿನ ದೃಶ್ಯದಲ್ಲಿ ಯಂತ್ರದ ಮಗ್ಗ, ತರಬೇತಿ ಶಾಲೆ, ಹುಡುಗರಿಗೆ ಹೊಸ ಉದ್ಯೋಗ ಎಲ್ಲ ಬರುತ್ತದಲ್ಲ ಎಂದರು. ಬಾಗಿಲ ತನಕ ಬಂದು, ನಿಮ್ಮ ಹುದ್ದೆಯ ಕಾಗದಕ್ಕೆ ಈ ವಾರ ಸಹಿ ಆಗುತ್ತದೆ ಎಂದರು. ಆ ಎರಡು ಮಾತನ್ನು ಅವರು ಗಂಟು ಹಾಕಲಿಲ್ಲ. ಹಾಕಿಕೊಂಡವನು ನಾನು.

ಮಾರನೆಯ ದಿನ ಅಪ್ಪ ಇಡೀ ಬೀದಿಯನ್ನು ಕರೆದುಕೊಂಡು ಬಂದಿದ್ದ. ಮಾಂಬಳ್ಳಿಯಿಂದ ಅಕ್ಕ, ಭಾವ, ಭಾವನ ತಾಯಿ ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ಅವರದು ಮೈಸೂರು ಸೀಮೆ, ನಮ್ಮ ವ್ಯಾನು ಆ ಕಡೆಗೆ ಹೋಗುತ್ತಿರಲಿಲ್ಲ. ಆಫೀಸರು ಯಂತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡರು. ಅಪ್ಪ ಮೊದಲ ಸಾಲಿನಲ್ಲಿ ಕೂತ. ಜಮಖಾನ ಇಳಿಬಿಟ್ಟರು. ಯಂತ್ರ ತಿರುಗಿತು.

ಹಾಳೆಯಲ್ಲಿದ್ದದ್ದನ್ನು ಇದ್ದಂತೆಯೇ ಕನ್ನಡದಲ್ಲಿ ಓದಿದೆ. ಯಾವ ಪದವನ್ನೂ ನುಂಗಲಿಲ್ಲ. ಅಭ್ಯಾಸವಾಗಿದ್ದ ಗಂಟಲು, ಏರಬೇಕಾದಲ್ಲಿ ಏರಿತು, ಇಳಿಯಬೇಕಾದಲ್ಲಿ ಇಳಿಯಿತು. ಹೊತ್ತಿನ ಬೆಲೆ ಇವನಿಗೆ ಗೊತ್ತಿಲ್ಲ ಎಂದಾಗ ಹಿಂದಿನ ಬೆಂಚಿನಲ್ಲಿದ್ದ ಹೈಸ್ಕೂಲು ಹುಡುಗರು ಕಿಸಕ್ಕನೆ ನಕ್ಕರು. ಅಪ್ಪನ ಮುಖ ಪರದೆ ತುಂಬ ಬಂತು, ತುಟಿ ಆಡಿತು. "ನನಗೆ ಬೇರೆ ಏನೂ ತಿಳಿಯದು" ಎಂದೆ.

ಕತ್ತಲೆಯಲ್ಲಿ ಅಪ್ಪ ಎದ್ದು ನಿಂತ. ಅವನ ತಲೆಯ ನೆರಳು ಪರದೆಯಲ್ಲಿದ್ದ ಅವನ ಮುಖದ ಮೇಲೆಯೇ ಬಿತ್ತು. "ನಾನು ಅಂಗೇಳ್ನಿಲ್ಲ ಕಣ್ರಪ್ಪ" ಎಂದ. "ನಾ ಏಳಿದ್ದು ಬ್ಯಾರೆ."

"ಕೂತ್ಕಳಯ್ಯೋ, ಕಾಣಕ್ಕಿಲ್ಲ" ಎಂದು ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು. ಅಪ್ಪ ಕೂತ. ನಾನು ಮುಂದಿನ ವಾಕ್ಯ ಓದಿದೆ.

ಮುಗಿದ ಮೇಲೆ ಆಪರೇಟರು ರೀಲು ಸುತ್ತುತ್ತ ನನ್ನನ್ನು ಹತ್ತಿರ ಕರೆದ. ಅವನದು ಅರ್ಧ ತಮಿಳಿನ ಕನ್ನಡ. "ಏನ್ ವಾದ್ಯಾರೇ, ಅದು ನಿಮ್ಮ ಅಪ್ಪಾವಾ? ಆಫೀಸರಿಗೆ ಕನ್ನಡ ಒಂದು ಅಕ್ಷರ ತಿಳಿಯಲ್ಲ. ಹೆಡ್‌ಮಾಸ್ಟರು ಬೇರೆ ಇವತ್ತು ರಜ. ನೀವು ಏನು ಬೇಕಾದ್ರೂ ಹೇಳಬಹುದಾಗಿತ್ತಲ್ಲ?"

ಅದು ನನಗೆ ಹೊಸ ಸಂಗತಿಯೇನಲ್ಲ. ಆಫೀಸರಿಗೆ ಕನ್ನಡ ಬಾರದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಹಾಗೊಂದು ದಾರಿಯಿದೆ ಎಂದು ನನಗೆ ಹೊಳೆದಿರಲೇ ಇಲ್ಲ. ಹೊಳೆದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಆಣೆಯಿಟ್ಟು ಹೇಳಲಾರೆ.

ಮನೆಯಲ್ಲಿ ಅಪ್ಪ ಜಗಲಿಯ ಮೇಲೆ ಕೂತಿದ್ದ. ಒಂದೇ ಮಾತು ಕೇಳಿದ. "ಬಾಯಿ ನಂದು, ಗಂಟ್ಲು ನಿಂದು. ಮಾತು ಯಾರ್ದಲಾ?"

"ಹಾಳೆಯಲ್ಲಿ ಇದ್ದದ್ದು ಅಪ್ಪ."

"ಓ" ಎಂದು ಒಳಕ್ಕೆ ಹೋದ.

ಸಾಹುಕಾರರೂ ಚಿತ್ರ ನೋಡಿದ್ದರು. ಅವರು ಕೆಟ್ಟವರಲ್ಲ. ಆದರೆ ಮುಂದಿನ ಸಲ ಮದುವೆ ಸೀರೆಯ ಹಾಸನ್ನು ಅಪ್ಪನಿಗೆ ಕೊಡದೆ ಪಕ್ಕದ ಮನೆಗೆ ಕೊಟ್ಟರು. "ನಿಮ್ಗೆ ವಯಸ್ಸಾಯ್ತಲ್ಲ, ನೂಲು ಬೇರೆ ಕಿತ್ತೋಯ್ತದಂತೆ. ಸಾದಾ ಸೀರೆ ಮಾಡಿ, ಸಾಕು" ಎಂದರಂತೆ. ಹೆಂಚಿನ ವಿಷಯವನ್ನು ಅಪ್ಪ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಹೆಸರು ಬರುತ್ತಿತ್ತು. ಜರಿಯಂಚಿನ ಸೀರೆಗೆ ಹೆಸರಾದ ಕೈ ಅಂಚಿಲ್ಲದ ಸೀರೆ ನೇಯತೊಡಗಿತು. ಇದನ್ನೆಲ್ಲ ನನಗೆ ತಿಳಿಸಿದವರು ಬೀದಿಯವರು. ನಾನು ಅಷ್ಟು ಹೊತ್ತಿಗೆ ಹನೂರಿನಲ್ಲಿ ಹೆಡ್‌ಮಾಸ್ಟರನಾಗಿ ಕೂತಿದ್ದೆ.

ಆ ಚಿತ್ರ ಸುಮ್ಮನೆ ಕೂರಲಿಲ್ಲ. ಶಾಲೆಯಿಂದ ಶಾಲೆಗೆ ತಿರುಗಿತು. ಹೋದಲ್ಲೆಲ್ಲ ನಾನೇ ಓದಬೇಕಾಯಿತು. ಕೌದಳ್ಳಿಯಲ್ಲಿ ಓದಿದೆ, ಸುತ್ತಲಿನ ಊರುಗಳಲ್ಲಿ ಓದಿದೆ. ನೇಕಾರರ ಮಕ್ಕಳನ್ನು ಹೈಸ್ಕೂಲಿನಲ್ಲಿ ಉಳಿದ ಹುಡುಗರು "ಏ, ಕಿತ್ತ ನೂಲು" ಎಂದು ಕರೆಯುತ್ತಾರೆಂದು ಕೇಳಿದೆ. ಕೇಳಿ ಮತ್ತೂ ಓದಿದೆ.

ಒಂದು ಸಲ ಹನೂರಿನಲ್ಲಿ, ನನ್ನದೇ ಶಾಲೆಯಲ್ಲಿ, ಇವತ್ತು ಹಾಳೆ ಬಿಟ್ಟು ಅಪ್ಪ ನಿಜವಾಗಿ ಹೇಳಿದ್ದನ್ನೇ ಹೇಳುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಹುಳು ಬಂತು, ಗೂಡು ಬಂತು, ಮಗ್ಗ ಬಂತು. ಹೆಂಚು ತೆಗೆಸಿದ್ದಕ್ಕೆ ನೂಲು ಕಡಿಯುತ್ತಿದೆ ಎಂದೆ. ಅಲ್ಲಿಯವರೆಗೆ ಸರಿ. ಅಪ್ಪನ ಮುಖ ಬಂತು. ತುಟಿ ಆಡಿತು, ಕೈ ಹಣಿಗೆಯನ್ನು ಮುಟ್ಟಿತು, ನಕ್ಕ. ನನ್ನ ಬಾಯಿಂದ ಏನೂ ಹೊರಡಲಿಲ್ಲ. ಅವನು ಹೇಳಿದ್ದು ನನಗೆ ಗೊತ್ತಿದ್ದರೆ ತಾನೇ? ಯಂತ್ರದ ಕರಕರ ಸದ್ದೊಂದೇ.

"ಮಾತಾಡಿ ಸಾ, ಏನೇಳ್ತಾವ್ನೆ ಅವ್ನು?" ಎಂದು ಹಿಂದಿನಿಂದ ಕೂಗಿದರು.

"ಗೊತ್ತಿಲ್ಲ" ಎಂದೆ.

ಆ ಭಾನುವಾರ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದೆ. ಅಪ್ಪ ಮಗ್ಗದಲ್ಲಿದ್ದ. ಗುಂಡಿಯ ಅಂಚಿನಲ್ಲಿ ಕೂತು ಕೇಳಿದೆ: "ಅಪ್ಪ, ಅವತ್ತು ಕ್ಯಾಮೆರಾದ ಮುಂದೆ ಏನು ಹೇಳಿದೆ?"

ಅಪ್ಪ ಲಾಳಿ ನಿಲ್ಲಿಸಲಿಲ್ಲ. "ಅವತ್ತೇ ಏಳಿದ್ನಲ್ಲಪ್ಪ."

"ಇನ್ನೊಂದು ಸಲ ಹೇಳು. ಬರೆದುಕೊಳ್ಳುತ್ತೇನೆ."

"ಇದೇ ಮನೇಲಿ ನೀನೂ ಇದ್ದಲ್ಲ" ಎಂದ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಕಾಲು ಹಿಡಿಯಬಹುದಿತ್ತು. "ಊಟ ಮಾಡ್ಕಂಡು ಓಗು. ಬಸ್ಸು ತಪ್ಪೋಯ್ತದೆ."

ಎರಡು ಬೇಸಗೆ ಕಳೆದ ಮೇಲೆ ಅಪ್ಪ ತೀರಿಕೊಂಡ. ಕೊಳ್ಳೇಗಾಲ ಮೈಸೂರಿಗೆ ಸೇರುತ್ತದಂತೆ ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲ ಅದು. ತಿಥಿ ಮುಗಿಸಿ ಅಕ್ಕ ಮಾಂಬಳ್ಳಿಗೆ ಹೊರಟಾಗ ತಡೆದು ಕೇಳಿದೆ. ಅಪ್ಪ ಮಾತಾಡಿದ ದಿನವೂ ಅವಳು ಬಾಗಿಲ ಹಿಂದೆಯೇ ಇದ್ದಳಲ್ಲ.

"ಕೂಸು ಅಳ್ತಿತ್ತು, ಎಲ್ಲಾ ಕೇಳಿಸ್ನಿಲ್ಲ" ಎಂದಳು. "ಬಣ್ಣದ ಇಸ್ಯ ಏಳ್ದ. ಅವ್ವನ ಮದ್ವೆ ಸೀರೆ ಇಸ್ಯ ಏನೋ ಏಳ್ದ, ನಗಾಡ್ದ. ಆಮ್ಯಾಕೆ, ನಂಗೆ ಮಾತು ನೆಟ್ಗೆ ಬರಕ್ಕಿಲ್ಲ, ನನ್ ಮಗ ಮೇಷ್ಟ್ರು, ಏನಾರ ತಪ್ಪಿದ್ರೆ ಅವ್ನು ತಿದ್ದಿ ಏಳ್ತಾನೆ ಕಣ್ರಿ ಅಂದ."

ನಾನು ಅವಳ ಗಂಟನ್ನು ಎತ್ತಿ ಗಾಡಿಗೆ ಇಟ್ಟೆ. ಅವಳು ಹತ್ತಿ ಕೂತಳು. ಹೋಗಿ ಬರುತ್ತೇನೆ ಎಂದು ನನಗೆ ಹೇಳಲಿಲ್ಲ, ಮನೆಯ ಕಡೆ ತಿರುಗಿ ಮನೆಗೆ ಹೇಳಿದಳು.